ತಲೆ ಕಾಯುವ ಕಾಯ್ದೆಯೂ ಸೈಕಲ್ ಸವಾರನೂ

ಕಳೆದ ಬೇಸಿಗೆಯಲ್ಲಿ ಮೆಲ್ಬೋರ್ನಿನಲ್ಲಿ ನೆಲೆಸಿರುವ ಮಗಳು ಮಕ್ಕಳನ್ನು ಕರೆದುಕೊಂಡು ದೊಡ್ಮನೆಗೆ ಬಂದಿದ್ದಳು. ಕೊಟ್ಟಿಗೆಯ ಮೂಲೆ ಸೇರಿದ್ದ ನನ್ನ ಹಳೆಯ ಅಟ್ಲಾಸ್ ಸೈಕಲ್ಲನ್ನು ಒರೆಸಿ, ಎಣ್ಣೆ ಬಿಟ್ಟು, ಗಾಳಿ ತುಂಬಿಸಿ, ಹದಿಮೂರು ವರ್ಷದ ಮೊಮ್ಮಗನ ಕೈಗೆ ಕೊಟ್ಟೆ. ಅವನು ಸೈಕಲ್ಲಿನ ಸುತ್ತ ಒಂದು ಸುತ್ತು ಬಂದು, "ಅಜ್ಜಾ, ಹೆಲ್ಮೆಟ್ ಎಲ್ಲಿದ್ದು?" ಎಂದು ಕೇಳಿದ. ನಾನು ನಕ್ಕುಬಿಟ್ಟೆ. ಆದರೆ ನಗು ಪೂರ್ತಿಯಾಗುವ ಮೊದಲೇ ಹಳೆಯ ನೆನಪೊಂದು ಬಂದು ಬಾಯಿ ಕಟ್ಟಿಸಿತು. ಆ ನೆನಪನ್ನು ಹೇಳುವ ಮೊದಲು, ಚರಿತ್ರೆಯ ಮಾಸ್ತರನಾದ ನನ್ನ ಅಭ್ಯಾಸದಂತೆ, ಸ್ವಲ್ಪ ಹಿಂದಿನಿಂದ ಆರಂಭಿಸುತ್ತೇನೆ.

ನಮ್ಮ ಬಾಲ್ಯದಲ್ಲಿ ಸೈಕಲ್ಲಿಗೆ ಕಾಯ್ದೆಯೇ ಇರಲಿಲ್ಲವೆಂದು ಇಂದಿನವರು ತಿಳಿಯಬಾರದು. ಪೇಟೆಯಲ್ಲಿ ವರ್ಷಕ್ಕೊಮ್ಮೆ ತೆರಿಗೆ ಕಟ್ಟಿ ಲೋಹದ ಬಿಲ್ಲೆಯನ್ನು ಸೈಕಲ್ಲಿಗೆ ಸಿಕ್ಕಿಸಿಕೊಳ್ಳಬೇಕಿತ್ತು. ಕತ್ತಲಾದ ಮೇಲೆ ದೀಪವಿಲ್ಲದೆ ಹೊರಟರೆ ಪೊಲೀಸರು ಚಕ್ರದ ಗಾಳಿ ತೆಗೆಯುತ್ತಿದ್ದರು. ಇಬ್ಬರು ಕುಳಿತರೆ 'ಡಬಲ್ ರೈಡ್' ಎಂದು ದಂಡ. ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲು ತುಳಿದು ಕಲಿತ ನಮಗೆ ಈ ಮೂರು ಭಯಗಳೂ ಚೆನ್ನಾಗಿ ಪರಿಚಿತ. ಇವುಗಳಲ್ಲಿ ಒಂದು ಬೊಕ್ಕಸಕ್ಕಾಗಿ ಇದ್ದ ನಿಯಮ, ಮಿಕ್ಕೆರಡು ಮುಖ್ಯವಾಗಿ ಬೀದಿಯ ಶಿಸ್ತಿಗಾಗಿ. ಸವಾರನ ತಲೆಯ ಚಿಂತೆ ಯಾವ ಕಾಯ್ದೆಗೂ ಇರಲಿಲ್ಲ. ತಲೆ ಅವರವರದು; ಅದನ್ನು ಕಾಯುವುದೂ ಅವರವರ ಪಾಡು. ನಮ್ಮ ಸೀಮೆಯಲ್ಲಿ ತಲೆಯ ಮೇಲೆ ಇರುತ್ತಿದ್ದದ್ದು ತೋಟದ ಕೆಲಸಕ್ಕೆ ಹಾಳೆಟೊಪ್ಪಿ, ಮಳೆಗೆ ಕಂಬಳಿಕೊಪ್ಪೆ. ಎರಡೂ ಬಿಸಿಲು ಮಳೆಗಳಿಗೇ ಹೊರತು ಬೀಳುವುದಕ್ಕಲ್ಲ.

ಬಿದ್ದ ತಲೆಯ ಚಿಂತೆ ಕಾಯ್ದೆಗೆ ಹೊಕ್ಕ ಬಗೆ ಕುತೂಹಲಕರವಾಗಿದೆ. 1935ರ ಮೇ ತಿಂಗಳಿನಲ್ಲಿ, 'ಅರೇಬಿಯಾದ ಲಾರೆನ್ಸ್' ಎಂದು ಹೆಸರಾದ ಟಿ. ಇ. ಲಾರೆನ್ಸ್ ಇಂಗ್ಲೆಂಡಿನ ಹಳ್ಳಿರಸ್ತೆಯಲ್ಲಿ ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ರಸ್ತೆಯ ತಗ್ಗಿನಲ್ಲಿ ಮರೆಯಾಗಿದ್ದ ಇಬ್ಬರು ಹುಡುಗರು ಎದುರಾದರು. ಅವರಿಗೆ ತಾಗಬಾರದೆಂದು ವಾಹನ ತಿರುಗಿಸಿ ಬಿದ್ದ ಲಾರೆನ್ಸ್, ತಲೆಗೆ ಪೆಟ್ಟಾಗಿ ಆರು ದಿನಗಳ ನಂತರ ತೀರಿಕೊಂಡರು. ಆ ಹುಡುಗರಿಬ್ಬರೂ ಇದ್ದದ್ದು ಸೈಕಲ್ಲಿನ ಮೇಲೆ ಎಂಬುದನ್ನು ಓದುಗರು ಗಮನಿಸಬೇಕು. ಲಾರೆನ್ಸರನ್ನು ಉಳಿಸಲು ಯತ್ನಿಸಿದ ವೈದ್ಯರಲ್ಲಿ ಒಬ್ಬರಾದ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರಚಿಕಿತ್ಸಕರು ಆ ಸಾವನ್ನು ಮರೆಯಲಿಲ್ಲ. ಮೋಟಾರ್ ಸೈಕಲ್ ಸವಾರರ ತಲೆಪೆಟ್ಟುಗಳನ್ನು ಅಭ್ಯಸಿಸಿ, 1941ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಶಿರಸ್ತ್ರಾಣದ ಮಹತ್ವವನ್ನು ಕುರಿತು ಬರೆದರು. ಅದೇ ವರ್ಷ ಬ್ರಿಟಿಷ್ ಸೇನೆಯ ಮೋಟಾರ್ ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾಯಿತು. ನಾಗರಿಕರಿಗೆ ಅಲ್ಲಿ ಕಡ್ಡಾಯವಾದದ್ದು 1973ರಲ್ಲಿ.

ನಮ್ಮ ದೇಶದಲ್ಲಿ ವಾದ ನ್ಯಾಯಾಲಯದವರೆಗೂ ಹೋಯಿತು. ಆಂಧ್ರಪ್ರದೇಶದ ಹೆಲ್ಮೆಟ್ ನಿಯಮವು ಸಂವಿಧಾನ ಕೊಟ್ಟಿರುವ ಓಡಾಟದ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಅಜಯ್ ಕಾನು ಎಂಬವರು ಸುಪ್ರೀಂ ಕೋರ್ಟಿನಲ್ಲಿ ವಾದಿಸಿದರು. 1988ರಲ್ಲಿ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ಅದೇ ವರ್ಷದ ಮೋಟಾರು ವಾಹನ ಕಾಯ್ದೆಯ 129ನೆಯ ಕಲಮು ದ್ವಿಚಕ್ರ ಮೋಟಾರು ವಾಹನದ ಸವಾರನಿಗೂ ಹಿಂಬದಿಯವನಿಗೂ ಹೆಲ್ಮೆಟ್ ವಿಧಿಸಿತು. ಪೇಟ ಧರಿಸುವ ಸಿಖ್ಖರಿಗೆ ವಿನಾಯಿತಿ ಕೊಟ್ಟಿತು. ಕಾಯ್ದೆ ಕಾಗದದಿಂದ ರಸ್ತೆಗೆ ಇಳಿಯಲು ಮಾತ್ರ ಬಹುಕಾಲ ಹಿಡಿಯಿತು. ಬೆಂಗಳೂರು ಮೊದಲಾದ ನಗರಗಳಲ್ಲಿ ಸವಾರರಿಗೆ ಅದು ಬಿಗಿಯಾದದ್ದು 2006ರ ಕೊನೆಯಲ್ಲಿ. ರಾಜ್ಯದಲ್ಲಿ ಹಿಂಬದಿಯವರಿಗೆ 2016ರ ಜನವರಿಯಲ್ಲಿ. ಸೈಕಲ್ಲು ಮೋಟಾರು ವಾಹನವಲ್ಲವಾದ್ದರಿಂದ ಈ ಕಾಯ್ದೆಗೆ ಅದು ಕಾಣಿಸಲೇ ಇಲ್ಲ.

ಇನ್ನು ನನ್ನ ನೆನಪಿನ ಮಾತು. ಅದೇ 2006-07ರ ಸಾಲಿನಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ತಂದಿತು. ಮೊದಲು ಹೆಣ್ಣುಮಕ್ಕಳಿಗೆ, ಅನಂತರ ಗಂಡುಮಕ್ಕಳಿಗೂ ಅದು ದೊರೆಯಿತು. ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತ ಹೊಸ ಸೈಕಲ್ಲುಗಳನ್ನು ನೋಡಿ ನಮ್ಮ ಕಣ್ಣು ತುಂಬಿತ್ತು. ಐದಾರು ಮೈಲಿ ಕಾಡುದಾರಿ ನಡೆದು ಬರುತ್ತಿದ್ದ, ಏಳನೆಯ ತರಗತಿಗೇ ಓದು ನಿಲ್ಲಿಸಬೇಕಾಗಿದ್ದ ಹುಡುಗಿಯರು ಬೆಲ್ಲು ಬಾರಿಸುತ್ತ ಬಂದರು.

ಆ ಕಾಲದಲ್ಲಿ ಹೆಲ್ಮೆಟ್ಟಿನ ಸುದ್ದಿ ಪತ್ರಿಕೆಗಳಲ್ಲಿ ದಿನವೂ ಬರುತ್ತಿದ್ದುದರಿಂದ, ಶಾಲೆಯ ಚರ್ಚಾಸ್ಪರ್ಧೆಗೆ 'ಸೈಕಲ್ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಬೇಕು' ಎಂಬ ವಿಷಯವನ್ನು ಕೊಟ್ಟೆ. ಪರವಾಗಿ ಮಾತಾಡಿದವರಿಗೆ ಹೇಳಲು ಹೆಚ್ಚೇನೂ ಸಿಗಲಿಲ್ಲ. ವಿರೋಧಿಸಿದ ಹುಡುಗಿಯೊಬ್ಬಳು ಹೇಳಿದ ಮಾತು ಹೀಗಿತ್ತು: "ಸೈಕಲ್ಲು ಸರ್ಕಾರ ಕೊಟ್ಟಿತು. ಹೆಲ್ಮೆಟ್ ಕೊಳ್ಳಲು ಅಪ್ಪನ ಹತ್ತಿರ ದುಡ್ಡಿಲ್ಲ. ಕಡ್ಡಾಯ ಮಾಡಿದರೆ ನಾನು ಮನೆಯಲ್ಲಿ ಇರಬೇಕಾಗುತ್ತದೆ." ಇನ್ನೊಬ್ಬ, ಯಲ್ಲಾಪುರದ ಹೆದ್ದಾರಿಯಲ್ಲಿ ಹಗಲಿರುಳು ಓಡುತ್ತಿದ್ದ ಅದಿರು ಲಾರಿಗಳನ್ನು ನೆನಪಿಸಿ, "ಲಾರಿ ಹಾಯ್ದರೆ ಟೊಪ್ಪಿಗೆ ಏನು ಮಾಡೀತು ಸರ್?" ಎಂದ. ಸಭೆ ಚಪ್ಪಾಳೆ ತಟ್ಟಿತು. ನಿರ್ಣಾಯಕನಾಗಿದ್ದ ನಾನು ವಿರೋಧ ಪಕ್ಷಕ್ಕೇ ಬಹುಮಾನ ಕೊಟ್ಟೆ.

ಮರುವರ್ಷದ ಮಳೆಗಾಲದಲ್ಲಿ ಅದೇ ಶಾಲೆಯ ಹುಡುಗನೊಬ್ಬ ಸಂಜೆ ಮನೆಗೆ ಹೋಗುವಾಗ ಇಳಿಜಾರಿನಲ್ಲಿ ಬಿದ್ದ. ಲಾರಿಯೂ ಇಲ್ಲ, ಕಾರೂ ಇಲ್ಲ. ಒದ್ದೆಯಾದ ಬ್ರೇಕು ಹಿಡಿಯಲಿಲ್ಲ. ರಸ್ತೆಯಂಚಿನ ಕೆಂಪುಕಲ್ಲಿಗೆ ತಲೆ ತಾಗಿತು. ಹೊರಗೆ ಕಂಡ ಗಾಯ ಎರಡು ಬೆರಳಿನಷ್ಟು. ರಾತ್ರಿ ವಾಂತಿ ಆರಂಭವಾದಾಗ ಜೀಪು ಹುಡುಕಿ ಹುಬ್ಬಳ್ಳಿಗೆ ಒಯ್ದರು. ಹುಡುಗ ಉಳಿದ. ಆದರೆ ಲೆಕ್ಕದಲ್ಲಿ ಮುಂದಿದ್ದವನಿಗೆ ಮಗ್ಗಿ ಮರೆತುಹೋಗಿತ್ತು. ಹತ್ತನೆಯ ತರಗತಿಗೆ ಅವನು ಬರಲಿಲ್ಲ. ಈಗ ತೋಟದ ಕೆಲಸ ಮಾಡಿಕೊಂಡಿದ್ದಾನೆ. ಎದುರಾದಾಗ ನಿಂತು ನಮಸ್ಕರಿಸುತ್ತಾನೆ. ಹೆಸರು ಹೇಳಲು ಒಂದು ಕ್ಷಣ ತಡವರಿಸುತ್ತಾನೆ.

ನಮ್ಮ ವಿಜ್ಞಾನದ ಮಾಸ್ತರರು ಆಗ ಒಂದು ಲೆಕ್ಕ ಮಾಡಿ ತೋರಿಸಿದ್ದರು. ಒಂದೂವರೆ ಮೀಟರ್ ಎತ್ತರದಿಂದ ಬಿದ್ದ ತಲೆ ನೆಲ ಮುಟ್ಟುವಾಗ ಗಂಟೆಗೆ ಸುಮಾರು 19 ಕಿಲೋಮೀಟರ್ ವೇಗದಲ್ಲಿರುತ್ತದೆ. ಸೈಕಲ್ ಹೆಲ್ಮೆಟ್ಟಿನೊಳಗಿನ ಥರ್ಮೋಕೋಲಿನಂತಹ ಪದರ ತಾನು ಜಜ್ಜಿಹೋಗಿ ಅಂತಹ ಪೆಟ್ಟನ್ನು ಹೀರಿಕೊಳ್ಳುತ್ತದೆ. ಅದು ಲಾರಿಯನ್ನು ತಡೆಯುವುದಕ್ಕಲ್ಲ, ಇಂತಹ ಬೀಳುವಿಕೆಗೆಂದೇ ಮಾಡಿದ್ದು. ನಾನು ಚಪ್ಪಾಳೆ ಗಿಟ್ಟಿಸಿದ ವಾದಕ್ಕೆ ಬಹುಮಾನ ಕೊಟ್ಟಿದ್ದೆ; ಆ ವಾದ ಕೆಂಪುಕಲ್ಲಿನ ಪ್ರಶ್ನೆಗೆ ಉತ್ತರ ಕೊಟ್ಟಿರಲಿಲ್ಲ.

ಹಾಗಾದರೆ ಕಾಯ್ದೆ ಮಾಡಿಬಿಟ್ಟರೆ ಮುಗಿಯಿತೇ? ಮೊಮ್ಮಗನ ಊರಿನ ಚರಿತ್ರೆಯೇ ಇದಕ್ಕೆ ಸಾಕ್ಷಿ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯವು 1990ರ ಜುಲೈ 1ರಿಂದ ಸೈಕಲ್ ಸವಾರರಿಗೆಲ್ಲ ಹೆಲ್ಮೆಟ್ ಕಡ್ಡಾಯ ಮಾಡಿತು. ಜಗತ್ತಿನಲ್ಲಿ ಅದೇ ಮೊದಲು. ಒಂದೇ ವರ್ಷದಲ್ಲಿ ಧರಿಸುವವರ ಪ್ರಮಾಣ ಶೇ. 31ರಿಂದ 75ಕ್ಕೆ ಏರಿತು, ತಲೆಪೆಟ್ಟುಗಳು ಇಳಿದವು. ಆದರೆ ಸೈಕಲ್ ತುಳಿಯುವ ಹದಿಹರೆಯದವರ ಸಂಖ್ಯೆಯೂ ಇಳಿಯಿತು. ಇಳಿಕೆಯಲ್ಲಿ ಹೆಲ್ಮೆಟ್ಟಿನ ಪಾಲೆಷ್ಟು, ಸವಾರರೇ ಕಡಿಮೆಯಾದದ್ದರ ಪಾಲೆಷ್ಟು ಎಂಬ ಜಗಳ ವಿದ್ವಾಂಸರಲ್ಲಿ ಇಂದಿಗೂ ಮುಗಿದಿಲ್ಲ. ನ್ಯೂಜಿಲೆಂಡ್ 1994ರಲ್ಲಿ ಅದೇ ದಾರಿ ಹಿಡಿಯಿತು. ಮೆಕ್ಸಿಕೋ ನಗರ 2010ರಲ್ಲಿ ತನ್ನ ಕಾಯ್ದೆಯನ್ನು ಹಿಂತೆಗೆದುಕೊಂಡಿತು. ನೆದರ್ಲೆಂಡ್ಸಿನವರು ಸೈಕಲ್ಲಿಗೆ ಪ್ರತ್ಯೇಕ ದಾರಿಯನ್ನೇ ಮಾಡಿಕೊಟ್ಟು, ಬರಿತಲೆಯಲ್ಲಿಯೇ ತುಳಿಯುತ್ತಾರೆ. ಆದ್ದರಿಂದ ನನ್ನ ಶಾಲೆಯ ಆ ಹುಡುಗಿಯ ಮಾತು ಹುರುಳಿಲ್ಲದ್ದಲ್ಲ. ದಂಡದ ಭಯಕ್ಕೆ ಸೈಕಲ್ಲು ಮೂಲೆ ಸೇರಿದರೆ ನಮ್ಮಲ್ಲಿ ಅದರ ಜೊತೆಗೆ ಓದೂ ಮೂಲೆ ಸೇರುತ್ತದೆ.

ಇಷ್ಟು ವರ್ಷ ಯೋಚಿಸಿದ ಮೇಲೆ ನನಗೆ ತೋರುವುದಿಷ್ಟು. ಪೇಟೆಗೆ ಹಾಲು ಹಾಕಲು ಸೈಕಲ್ಲಿನಲ್ಲಿ ಹೋಗುವವನನ್ನು ನಿಲ್ಲಿಸಿ ದಂಡ ಕೇಳುವ ಕಾಯ್ದೆ ನಮಗೆ ಬೇಡ. ಆದರೆ ಕಾಯ್ದೆಯನ್ನು ಸವಾರನ ಮೇಲೆಯೇ ಹೊರಿಸಬೇಕೆಂದು ಎಲ್ಲಿದೆ? ಕೊಡುವವನ ಮೇಲೆ ಹೊರಿಸಬಹುದು. ಮಕ್ಕಳಿಗೆ ಸೈಕಲ್ ಕೊಡುವ ಸರ್ಕಾರ, ಮಾರುವ ಅಂಗಡಿ, ಹೆಲ್ಮೆಟ್ಟನ್ನೂ ಜೊತೆಯಲ್ಲೇ ಕೊಡಲಿ; ತೊಡಿಸುವ ಹೊಣೆ ನಮ್ಮಂತಹ ಮಾಸ್ತರರದು, ಪಾಲಕರದು. ಉಚಿತ ಸೈಕಲ್ಲಿನ ಯೋಜನೆ ಕೊರೋನಾ ಕಾಲದಲ್ಲಿ ನಿಂತಿತು. ಅಂತಹದ್ದು ಮತ್ತೆ ಬಂದಾಗಲೆಲ್ಲ ಈ ಮಾತು ನೆನಪಾಗಬೇಕು. ಇದು ಅಸಾಧ್ಯವೇನಲ್ಲ. ಬೈಕಿನಲ್ಲಿ ಕೂರಿಸುವ ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಸೈಕಲ್ ಹೆಲ್ಮೆಟ್ ಆದರೂ ಇರಲಿ ಎಂದು ಕೇಂದ್ರ ಸರ್ಕಾರವೇ 2022ರ ನಿಯಮದಲ್ಲಿ ಹೇಳಿದೆ. ಅದೇ ಮಗು ಬೆಳೆದು ಸ್ವಂತ ಸೈಕಲ್ ಏರುವಾಗ ನಾವು ಮರೆಯುವುದೇಕೆ? ಉತ್ತರ ಕನ್ನಡಕ್ಕೊಂದು ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕೆಂದು 2019ರಲ್ಲಿಯೂ 2022ರಲ್ಲಿಯೂ ಜನ ಕೂಗಿದ್ದನ್ನು ಎಲ್ಲರೂ ಬಲ್ಲರು. ತಲೆಗೆ ಪೆಟ್ಟಾದವನನ್ನು ಘಟ್ಟ, ಕಾಡು ದಾಟಿಸಿ ಒಯ್ಯಬೇಕಾದ ಸೀಮೆಯವರು ತಲೆಯ ವಿಷಯದಲ್ಲಿ ಉಳಿದವರಿಗಿಂತ ಹೆಚ್ಚು ಜಾಗ್ರತೆಯಾಗಿರಬೇಕು.

ಮರುದಿನ ಶಿರಸಿಗೆ ಹೋಗಿ ಒಂದು ಹೆಲ್ಮೆಟ್ ತಂದೆ. ಮೊಮ್ಮಗ ರಜೆ ಮುಗಿಯುವವರೆಗೂ ಅದನ್ನು ತೊಟ್ಟೇ ಕೇರಿಯೆಲ್ಲ ಸುತ್ತಿದ. ಹೋಗುವಾಗ ಅದನ್ನು ಇಲ್ಲಿಯೇ ಬಿಟ್ಟು ಹೋದ. ಆ ಹುಡುಗನಿಗೆ ಈಗ ಶಾಲೆಗೆ ಹೋಗುವ ಮಗಳಿದ್ದಾಳೆ. ಹೆಲ್ಮೆಟ್ಟನ್ನು ಅವಳಿಗೆ ಕೊಟ್ಟು ಬಂದೆ. ಬಹುಮಾನ ಕೊಡುವಾಗ ಮಾಡಿದ ತಪ್ಪು ಅದರಿಂದ ತಿದ್ದುವುದಿಲ್ಲವೆಂದು ನನಗೆ ಗೊತ್ತು.