ಮೂಲ, ವ್ಯಾಖ್ಯಾನ, ತೀರ್ಪು: ಒಂದು ಆಟದ ಮಂತ್ರನಿಯಮದ ಚರಿತ್ರೆ

ನಿಯಮವೊಂದನ್ನು ಬರೆದಿಟ್ಟೊಡನೆ ಅದರ ಅರ್ಥವೂ ನಿಶ್ಚಿತವಾಗುತ್ತದೆಂಬುದು ಸಾಮಾನ್ಯವಾದ ಭಾವನೆ. ಶಾಸನಗಳನ್ನೂ ಸನ್ನದುಗಳನ್ನೂ ಓದಿ ಅಭ್ಯಾಸವಿರುವವರು ಇದನ್ನು ಸುಲಭವಾಗಿ ಒಪ್ಪಲಾರರು. ಆದರೆ ಪ್ರಾಚೀನ ಆಧಾರಗಳಲ್ಲಿ ಅರ್ಥವು ಹೇಗೆ ಕ್ರಮವಾಗಿ ಬದಲಾಯಿತೆಂಬುದನ್ನು ಹೆಜ್ಜೆಹೆಜ್ಜೆಗೂ ತೋರಿಸುವುದು ಕಷ್ಟ. ನಡುವಣ ಕೊಂಡಿಗಳು ಅನೇಕವೇಳೆ ನಷ್ಟವಾಗಿರುತ್ತವೆ. ಕೊಂಡಿಗಳು ಉಳಿದುಬಂದಿರುವ ಒಂದು ಇತ್ತೀಚಿನ ನಿದರ್ಶನವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅದು ಅಮೆರಿಕದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟದಲ್ಲಿ ಬರುವ ಒಂದು ಮಂತ್ರದ ನಿಯಮ.

ಈ ಆಟದಲ್ಲಿ ಆಟಗಾರರು ಮೇಜಿನ ಸುತ್ತ ಕುಳಿತು ಯೋಧ, ಮಂತ್ರವಾದಿ ಮೊದಲಾದ ಕಲ್ಪಿತ ಪಾತ್ರಗಳನ್ನು ವಹಿಸುತ್ತಾರೆ. ಅವರು ಮಾಡಹೊರಟ ಕಾರ್ಯದ ಫಲವನ್ನು ದಾಳಗಳ ನೆರವಿನಿಂದ ತೀರ್ಪುಗಾರನು ನಿರ್ಣಯಿಸುತ್ತಾನೆ. ಈ ತೀರ್ಪುಗಾರನ ಸ್ಥಾನಕ್ಕೆ ದೀರ್ಘವಾದ ಪೂರ್ವಚರಿತ್ರೆಯುಂಟು. ಪ್ರಷ್ಯದ ಸೇನಾಧಿಕಾರಿಗಳ ಶಿಕ್ಷಣಕ್ಕಾಗಿ ಕಿರಿಯ ರೈಸ್‌ವಿಟ್ಸ್ 1824ರಲ್ಲಿ ಪ್ರಕಟಿಸಿದ ಯುದ್ಧಕ್ರೀಡೆಯಲ್ಲಿ ಕೋಷ್ಟಕಗಳೂ ದಾಳಗಳೂ ಇದ್ದುವು. ಬರಬರುತ್ತ ಈ ಕ್ರೀಡೆಯ ನಿಯಮಗಳು ಭಾರವಾದುವು. 1876ರಲ್ಲಿ ಫೆರ್ಡಿ ಡು ವೆರ್ನ್ವಾ ಅವರು ನಿಯಮಗಳ ಬಹುಭಾಗವನ್ನು ಬಿಟ್ಟುಕೊಟ್ಟು, ಅನುಭವಿಯಾದ ತೀರ್ಪುಗಾರನ ವಿವೇಚನೆಯೇ ಪ್ರಮಾಣವೆಂದು ಪ್ರತಿಪಾದಿಸಿದರು. ಹೀಗೆ ಲಿಖಿತ ನಿಯಮ, ತೀರ್ಪುಗಾರನ ವಿವೇಕ ಇವೆರಡರ ಸ್ಪರ್ಧೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಆರಂಭವಾಗಿದ್ದಿತು.

ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇವರ ಕೃತಿಯಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ 1974ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವದಿಂದ ಪ್ರಕಟವಾಯಿತು. ಒಂದು ಪೆಟ್ಟಿಗೆಯಲ್ಲಿ ಮೂರು ಕಿರುಹೊತ್ತಗೆಗಳು. ಮೊದಲ ಮುದ್ರಣ 1,000 ಪ್ರತಿಗಳು. ಯುದ್ಧಕ್ರೀಡೆಯ ಪರಿಚಯವಿದ್ದವರನ್ನೇ ಲೇಖಕರು ಮನಸ್ಸಿನಲ್ಲಿಟ್ಟುಕೊಂಡಿದ್ದುದರಿಂದ ಮಂತ್ರಗಳ ವಿವರಣೆ ಅತಿ ಸಂಕ್ಷಿಪ್ತ. ಸಂದೇಹ ಬಂದಲ್ಲಿ ಓದುಗರು ತಮ್ಮ ಕಲ್ಪನೆಯಿಂದಲೇ ನಿರ್ಣಯಿಸಿಕೊಳ್ಳಬೇಕೆಂಬ ಅಭಿಪ್ರಾಯ ಮೂರನೆಯ ಹೊತ್ತಗೆಯ ಕೊನೆಯಲ್ಲಿ ಸ್ಪಷ್ಟವಾಗಿದೆ. ಆದುದರಿಂದ ಇಲ್ಲಿಯ ಅಸ್ಪಷ್ಟತೆಯನ್ನೆಲ್ಲ ಲೇಖಕರ ಅಜಾಗರೂಕತೆ ಎನ್ನಲಾಗದು.

1975ರಲ್ಲಿ ಹೊರಬಂದ ‘ಗ್ರೇಹಾಕ್’ ಎಂಬ ಅನುಬಂಧದಲ್ಲಿ ‘ಮ್ಯಾಜಿಕ್ ಮಿಸೈಲ್’ ಎಂಬ ಮಂತ್ರವು ಮೊದಲು ಕಾಣಿಸಿಕೊಂಡಿತು. ಇದನ್ನು ನಾವು ಮಂತ್ರಾಸ್ತ್ರವೆಂದು ಕರೆಯಬಹುದು. ಅದರ ವಿವರಣೆಯಂತೆ ಈ ಅಸ್ತ್ರವು ಮಾಂತ್ರಿಕ ಬಾಣಕ್ಕೆ ಸಮಾನ. ತಾಗಿದ ಪ್ರಾಣಿಗೆ 2ರಿಂದ 7ರವರೆಗೆ ಹಾನಿಯನ್ನುಂಟುಮಾಡುತ್ತದೆ. ಆದರೆ ತಾಗುವುದು ಹೇಗೆ? ಬಾಣಕ್ಕೆ ಸಮಾನವೆಂದಮೇಲೆ ಬಿಲ್ಲುಗಾರನಂತೆ ಮಂತ್ರವಾದಿಯೂ ದಾಳವೆಸೆದು ಗುರಿ ತಾಗಿತೇ ಇಲ್ಲವೇ ಎಂಬುದನ್ನು ನೋಡಬೇಕೆಂಬುದು ಒಂದು ಪಕ್ಷ. ಸಾಮ್ಯವು ಬಾಣದ ಮಾಂತ್ರಿಕ ಗುಣಕ್ಕೆ ಮಾತ್ರ ಸಲ್ಲುತ್ತದೆ, ಮಂತ್ರವು ತಾನಾಗಿಯೇ ಫಲಿಸುತ್ತದೆ ಎಂಬುದು ಇನ್ನೊಂದು ಪಕ್ಷ. ‘ತಾಗಿದ’ ಎಂಬ ಪದವು ಮೊದಲನೆಯದಕ್ಕೆ ಅನುಕೂಲ. ದಾಳದ ಪ್ರಸ್ತಾಪವೇ ಇಲ್ಲದಿರುವುದು ಎರಡನೆಯದಕ್ಕೆ ಅನುಕೂಲ. ಮೂಲವು ಎರಡಕ್ಕೂ ಎಡೆಗೊಡುತ್ತದೆ.

ಈ ಸಂದೇಹಕ್ಕೆ ದೊರೆತ ಉತ್ತರಗಳು ಪರಸ್ಪರ ವಿರುದ್ಧವಾಗಿವೆ. 1977ರಲ್ಲಿ ಎರಿಕ್ ಹೋಮ್ಸ್ ಅವರು ಹೊಸಬರಿಗಾಗಿ ಸಂಪಾದಿಸಿದ ಪ್ರವೇಶಿಕೆಯಲ್ಲಿ ಬಾಣಕ್ಕೆಂತೋ ಅಂತೆಯೇ ದಾಳವೆಸೆಯಬೇಕೆಂದು ವಿಧಿಸಲಾಗಿದೆ. ಮರುವರ್ಷ, 1978ರಲ್ಲಿ, ಗೈಗ್ಯಾಕ್ಸ್ ಅವರೇ ಬರೆದ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಇದನ್ನು ಗುರಿ ತಪ್ಪದ ಅಸ್ತ್ರವೆಂದು ಸಾರಿತು; ಹಾನಿಯನ್ನು ಮಾತ್ರ 2ರಿಂದ 5ಕ್ಕೆ ಇಳಿಸಿತು. 1981ರಲ್ಲಿ ಟಾಮ್ ಮೋಲ್ಡ್‌ವೇ ಪರಿಷ್ಕರಿಸಿದ ಪ್ರವೇಶಿಕೆಯೂ ಅಮೋಘತ್ವವನ್ನೇ ಅಂಗೀಕರಿಸಿತು.

ಈ ಪರಿವರ್ತನೆಗೆ ಕಾರಣವನ್ನು ಓದುಗವರ್ಗದ ವಿಸ್ತಾರದಲ್ಲಿ ಹುಡುಕಬೇಕು. ಆಟವು ಅಪರಿಚಿತರ ಕೈಸೇರಿದಂತೆ, ಊರೂರಿಗೆ ಬೇರೆಬೇರೆಯಾದ ಸಂಪ್ರದಾಯಗಳು ಹುಟ್ಟಿದುವು. ಬೇರೆಬೇರೆ ಕಡೆಯವರು ಒಂದೆಡೆ ಸೇರಿ ಸ್ಪರ್ಧಿಸುವಾಗ ಏಕರೂಪತೆ ಅವಶ್ಯವಾಯಿತು. ಗೈಗ್ಯಾಕ್ಸ್ ಅವರು ಹೊಸ ಗ್ರಂಥಗಳನ್ನು ಸಮರ್ಥಿಸಿದುದೂ ಈ ಏಕರೂಪತೆಯ ಹೆಸರಿನಲ್ಲಿಯೇ. 1979ರಲ್ಲಿ ‘ದಿ ಡ್ರಾಗನ್’ ಪತ್ರಿಕೆಯಲ್ಲಿ ಆರಂಭವಾದ ‘ಸೇಜ್ ಅಡ್ವೈಸ್’ ಎಂಬ ಪ್ರಶ್ನೋತ್ತರ ಅಂಕಣವು ಈ ಪ್ರವೃತ್ತಿಯ ಮುಂದುವರಿಕೆ. ತೀರ್ಪುಗಾರನ ಬಳಿ ಇದ್ದ ಅಧಿಕಾರದ ಒಂದಂಶ ಹೀಗೆ ಪ್ರಕಾಶಕರ ಕಡೆಗೆ ಸರಿಯಿತು.

ಸ್ಪಷ್ಟೀಕರಣದಿಂದ ವಿವಾದವು ಮುಗಿಯಿತೇ? ಮುಗಿಯಲಿಲ್ಲ. 2014ರ ಐದನೆಯ ಆವೃತ್ತಿಯಲ್ಲಿ ಮಂತ್ರಾಸ್ತ್ರದಿಂದ ಹೊರಡುವ ಮೂರು ಶರಗಳು ಗುರಿ ತಪ್ಪುವುದಿಲ್ಲ, ಏಕಕಾಲದಲ್ಲಿ ತಾಗುತ್ತವೆ. ಒಂದೇ ವೇಳೆ ಹಲವರಿಗೆ ಹಾನಿಯಾದರೆ ಹಾನಿಯ ದಾಳವನ್ನು ಒಮ್ಮೆ ಮಾತ್ರ ಎಸೆಯಬೇಕೆಂಬ ಸಾಮಾನ್ಯವಿಧಿಯೂ ಅದೇ ಗ್ರಂಥದಲ್ಲಿದೆ. ಹಾಗಾದರೆ ಮೂರು ಶರಗಳೂ ಒಬ್ಬನಿಗೇ ತಾಗಿದಾಗ ದಾಳ ಒಂದೋ, ಮೂರೋ? ಹಳೆಯ ಸಂದೇಹವನ್ನು ಪರಿಹರಿಸಲು ಸೇರಿಸಿದ ನಿಖರತೆಯೇ ಹೊಸದೊಂದು ಸಂದೇಹಕ್ಕೆ ಆಸ್ಪದವಾಯಿತು.

ಇತಿಹಾಸದ ವಿದ್ಯಾರ್ಥಿಗಳು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶವೊಂದುಂಟು. 1978ರ ಪಾಠವನ್ನು ಬಲ್ಲವನಿಗೆ 1975ರ ವಾಕ್ಯದಲ್ಲಿಯೂ ಅಮೋಘತ್ವವೇ ತೋರುತ್ತದೆ. 1977ರ ಪಾಠವು ಕೇವಲ ಪ್ರಮಾದವೆನಿಸುತ್ತದೆ. ಇದು ಪರಿಣಾಮವನ್ನು ಮೂಲಕ್ಕೆ ಆರೋಪಿಸುವ ದೋಷ. ಹೋಮ್ಸ್ ಅವರ ಪಾಠವು ತಪ್ಪಲ್ಲ, ಮೂಲವು ತೆರೆದಿಟ್ಟಿದ್ದ ಎರಡು ದಾರಿಗಳಲ್ಲಿ ಒಂದು. ಪ್ರಶಸ್ತಿ ಪಡೆದ ವ್ಯಾಖ್ಯಾನವೇ ಆದಿಯಿಂದಲೂ ಇದ್ದ ಅರ್ಥವೆಂದು ಭಾವಿಸಿದರೆ, ಸೋತ ವ್ಯಾಖ್ಯಾನವು ಇತಿಹಾಸದಿಂದಲೇ ಮರೆಯಾಗುತ್ತದೆ. ಐವತ್ತು ವರ್ಷಗಳಷ್ಟೇ ಹಳೆಯದಾದ, ಕರ್ತೃವೂ ಕಾಲವೂ ತಿಳಿದಿರುವ ಗ್ರಂಥದಲ್ಲಿಯೇ ಇಷ್ಟು ಎಚ್ಚರಿಕೆ ಅವಶ್ಯವಾದರೆ, ಕರ್ತೃವಾಗಲಿ ಕಾಲವಾಗಲಿ ಖಚಿತವಾಗಿ ತಿಳಿಯದ ಆಧಾರಗಳ ವಿಷಯದಲ್ಲಿ ಅದೆಷ್ಟು ಬೇಕೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.