ಕಡತದ ಬಾಲ, ಭೂಮಿಯ ನಡುಕ

ಗೌರಿಬಿದನೂರು ತಾಲ್ಲೂಕು ಎಂದೊಡನೆ ಇಂದು ಹಲವರಿಗೆ ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶ ನೆನಪಾಗುತ್ತದೆ. ಭೂಕಂಪ ವಿಜ್ಞಾನಿಗಳಿಗೆ ಈ ತಾಲ್ಲೂಕು ಪರಿಚಿತವಾಗಿರುವುದು ಬೇರೊಂದು ಕಾರಣಕ್ಕೆ. ಇಲ್ಲಿನ ಬಂಡೆಗಳ ಮೇಲೆ 1965ರಲ್ಲಿ ಅಳವಡಿಸಿದ ಕಂಪನಮಾಪಕಗಳ ಜಾಲ ದೂರದೂರದ ನಡುಕಗಳನ್ನು ಹಗಲಿರುಳು ದಾಖಲಿಸತೊಡಗಿತು. ಹೀಗೆ ಬೆಳೆಯುತ್ತಲೇ ಹೋಗುವ ದಾಖಲೆಯಲ್ಲಿ ಹೊಸ ಸುದ್ದಿ ಇರುವುದು ತುದಿಯಲ್ಲಿ. ಆ ತುದಿಯನ್ನು ಬೇಗ ಮುಟ್ಟುವುದು ಹೇಗೆ? ಯೂನಿಕ್ಸ್ ಮತ್ತು ಲಿನಕ್ಸ್ ಕಂಪ್ಯೂಟರುಗಳಲ್ಲಿರುವ ‘ಟೇಲ್’, ಅಂದರೆ ‘ಬಾಲ’ ಎಂಬ ಪುಟ್ಟ ಆದೇಶ ಉತ್ತರಿಸುವುದೂ ಇದೇ ಪ್ರಶ್ನೆಗೆ. ಇವೆರಡೂ ಬೇರೆ ಬೇರೆ ಕಡೆ ಹುಟ್ಟಿದವು. ಆದರೂ ಜೊತೆಗಿಟ್ಟು ನೋಡಿದರೆ ವೀಕ್ಷಣಾ ವಿಜ್ಞಾನದ ಒಂದು ಮುಖ್ಯ ಪಾಠ ಸ್ಪಷ್ಟವಾಗುತ್ತದೆ.

ಬಂಡೆಯ ಮೇಲಿನ ಕಿವಿ

1963ರ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದವು ವಾತಾವರಣ, ಅಂತರಿಕ್ಷ ಮತ್ತು ನೀರಿನೊಳಗೆ ಪರಮಾಣು ಸ್ಫೋಟ ನಡೆಸುವುದನ್ನು ನಿಷೇಧಿಸಿತು. ನೆಲದೊಳಗಿನ ಸ್ಫೋಟ ನಿಷೇಧದಿಂದ ಹೊರಗುಳಿಯಿತು. ಅದನ್ನು ದೂರದಿಂದಲೇ ಪತ್ತೆಹಚ್ಚಲು ಭೂಕಂಪ ತರಂಗಗಳೇ ದಾರಿ. ಬ್ರಿಟನ್ನಿನ ಪರಮಾಣು ಶಕ್ತಿ ಪ್ರಾಧಿಕಾರವು ಈ ಉದ್ದೇಶದಿಂದ ರೂಪಿಸಿದ ಮಾದರಿಯ ಜಾಲಗಳು ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗಾಗಳಲ್ಲಿ ಸ್ಥಾಪನೆಗೊಂಡವು. ಭಾರತದ ಪರಮಾಣು ಶಕ್ತಿ ಇಲಾಖೆಯ ಸಹಯೋಗದಲ್ಲಿ, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರಿನಲ್ಲಿಯೂ ಅಂಥದೊಂದು ಜಾಲ ಬಂತು. ಅದನ್ನು ನಡೆಸುವ ಸಂಸ್ಥೆಗೆ 1967ರಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಎಂಬ ಹೆಸರಾಯಿತು.

ಇಲ್ಲಿನ ಗಟ್ಟಿಯಾದ ಪ್ರಾಚೀನ ಶಿಲೆ ಮತ್ತು ಸಮುದ್ರದಿಂದಿರುವ ದೂರ ಈ ಕೆಲಸಕ್ಕೆ ಅನುಕೂಲಕರ. ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಲಂಬಕೋನದಲ್ಲಿ ಚಾಚಿದ, ಸುಮಾರು 25 ಕಿ.ಮೀ. ಉದ್ದದ ಎರಡು ತೋಳುಗಳಲ್ಲಿ 20 ಮಾಪಕಗಳನ್ನು ಹಂಚಲಾಯಿತು. ದೂರದಿಂದ ಬಂದ ತರಂಗ ಒಂದು ತೋಳನ್ನು ದಾಟಲು ಹೆಚ್ಚೆಂದರೆ ಎರಡು ಸೆಕೆಂಡಿನ ಆಸುಪಾಸು ಸಾಕು. ಮಾಪಕಗಳ ನಡುವಣ ಈ ಕಾಲವ್ಯತ್ಯಾಸದಿಂದ ತರಂಗ ಬಂದ ದಿಕ್ಕು ತಿಳಿಯುತ್ತದೆ. ಆ ವ್ಯತ್ಯಾಸವನ್ನು ಸರಿದೂಗಿಸಿ ಎಲ್ಲ ದಾಖಲೆಗಳನ್ನೂ ಕೂಡಿದರೆ ಸಂಕೇತ 20 ಪಟ್ಟು ಬೆಳೆಯುತ್ತದೆ. ಲಾರಿ, ರೈಲು, ಗಾಳಿಗಳಿಂದಾಗುವ ಗದ್ದಲವು ಮಾಪಕದಿಂದ ಮಾಪಕಕ್ಕೆ ತಾಳೆಯಿಲ್ಲದೆ ಬದಲಾಗುವುದಾದರೆ, ಅದು ಬೆಳೆಯುವುದು 20ರ ವರ್ಗಮೂಲದಷ್ಟು, ಅಂದರೆ ಸುಮಾರು ನಾಲ್ಕೂವರೆ ಪಟ್ಟು ಮಾತ್ರ.

ಬಾಲ ಹಿಡಿಯುವ ಬಗೆ

ಆರಂಭದ ಕಾಲದಲ್ಲಿ ದಾಖಲೆ ಸೇರುತ್ತಿದ್ದುದು ಕಾಂತೀಯ ಟೇಪಿಗೆ. ಟೇಪಿನ ಸ್ವಭಾವವೇ ಸರಣಿ. ಬೇಕಾದ ಭಾಗ ಸಿಗಬೇಕಾದರೆ ಸುರುಳಿಯನ್ನು ಅಲ್ಲಿಯವರೆಗೆ ಸುತ್ತಲೇಬೇಕು. ಒಂದು ಲೆಕ್ಕ ಮಾಡೋಣ. 20 ಮಾಪಕಗಳನ್ನು ಸೆಕೆಂಡಿಗೆ 20 ಬಾರಿ ಅಳೆದರೆ ದಿನಕ್ಕೆ 3 ಕೋಟಿ 45 ಲಕ್ಷ 60 ಸಾವಿರ ಸಂಖ್ಯೆಗಳಾಗುತ್ತವೆ. ಇವನ್ನು ಸಾಲಿಗೊಂದರಂತೆ ಒಂದು ಕಡತದಲ್ಲಿ ಬರೆದಿಟ್ಟರೆ, ಕೊನೆಯ ಹತ್ತು ಸಾಲುಗಳಿಗಾಗಿ ಅಷ್ಟನ್ನೂ ಓದಬೇಕೆ?

ಬೇಕಿಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಯೂನಿಕ್ಸ್ ಹುಟ್ಟಿತು. 1970ರ ದಶಕದಲ್ಲಿ ಅಲ್ಲಿಯೇ ಸಿದ್ಧವಾದ ‘ಪ್ರೋಗ್ರಾಮರ್ಸ್ ವರ್ಕ್‌ಬೆಂಚ್’ ಎಂಬ ಯೂನಿಕ್ಸ್ ರೂಪದಲ್ಲಿ ‘ಟೇಲ್’ ಕಾಣಿಸಿಕೊಂಡಿತು. ಡಿಸ್ಕಿನಲ್ಲಿರುವ ಕಡತದ ಯಾವ ಸ್ಥಾನಕ್ಕಾದರೂ ನೇರವಾಗಿ ಹೋಗಬಹುದು. ಆದ್ದರಿಂದ ಟೇಲ್ ಮೊದಲು ಕಡತದ ಅಂತ್ಯಕ್ಕೆ ಹೋಗುತ್ತದೆ. ಅಲ್ಲಿಂದ ಒಂದೊಂದೇ ತುಣುಕನ್ನು ಹಿಮ್ಮುಖವಾಗಿ ಎತ್ತಿಕೊಂಡು ಸಾಲಿನ ಕೊನೆಯ ಗುರುತುಗಳನ್ನು ಎಣಿಸುತ್ತದೆ. ಬೇಕಾದಷ್ಟು ಸಾಲು ಸಿಕ್ಕೊಡನೆ ನಿಲ್ಲುತ್ತದೆ. ಏನೂ ಹೇಳದಿದ್ದರೆ 10 ಸಾಲು. ‘ಟೇಲ್ -ಎನ್ 50’ ಎಂದರೆ 50 ಸಾಲು. ಮಾಹಿತಿಯು ಇನ್ನೊಂದು ಆದೇಶದಿಂದ ಕೊಳವೆಯ ಮೂಲಕ ಹರಿದು ಬರುತ್ತಿದ್ದರೆ ಈ ಉಪಾಯ ನಡೆಯದು. ಆಗ ಅದು ಟೇಪಿನಂತೆ ಎಲ್ಲವನ್ನೂ ಓದುತ್ತ, ಕೊನೆಯ ಕೆಲವು ಸಾಲುಗಳನ್ನಷ್ಟೇ ನೆನಪಿನಲ್ಲಿಟ್ಟುಕೊಳ್ಳುತ್ತದೆ.

‘-ಎಫ್’ ಎಂದು ಸೇರಿಸಿದರೆ ಟೇಲ್ ಕಡತದ ತುದಿಯಲ್ಲೇ ಕಾದು ಕೂರುತ್ತದೆ. ಹೊಸ ಸಾಲು ಬಂದಂತೆ ತೋರಿಸುತ್ತ ಹೋಗುತ್ತದೆ. ಲಿನಕ್ಸಿನಲ್ಲಿ ಬಳಕೆಯಲ್ಲಿರುವ ಗ್ನೂ ಟೇಲ್ ಹಿಂದೆ ಸೆಕೆಂಡಿಗೊಮ್ಮೆ ಇಣುಕಿ ನೋಡುತ್ತಿತ್ತು. 2009ರಿಂದ, ಕಡತ ಬದಲಾದಾಗ ಕಾರ್ಯಾಚರಣ ವ್ಯವಸ್ಥೆಯೇ ಅದನ್ನು ತಟ್ಟಿ ಎಬ್ಬಿಸುವ ಏರ್ಪಾಡು ಬಂತು.

ತುದಿಯೊಂದೇ ಸಾಲದು

ತುದಿ ಕಂಡ ಮಾತ್ರಕ್ಕೆ ಅರ್ಥ ತಿಳಿದಂತಾಯಿತೆ? ಭೂಕಂಪ ಕೇಂದ್ರಗಳಲ್ಲಿ ಬಳಸುವ ಒಂದು ಸರಳ ವಿಧಾನವನ್ನು ನೋಡಿ. ಕೊನೆಯ ಒಂದೆರಡು ಸೆಕೆಂಡುಗಳ ಕಂಪನದ ಸರಾಸರಿಯನ್ನು, ಸುಮಾರು ಅರ್ಧ ನಿಮಿಷದ ಸರಾಸರಿಯಿಂದ ಭಾಗಿಸುತ್ತಾರೆ. ಭಾಗಲಬ್ಧ 1ರ ಸಮೀಪವಿದ್ದರೆ ಅದು ಎಂದಿನ ಗದ್ದಲ. ಥಟ್ಟನೆ ಮೂರು ನಾಲ್ಕಕ್ಕೆ ಏರಿದರೆ ತರಂಗವೊಂದು ಬಂದಿರಬಹುದು. ಕುಡುಮಲಕುಂಟೆಯ ರಸ್ತೆಯಲ್ಲಿ ಲಾರಿ ಓಡಾಡುವ ಹಗಲಿಗೂ ನಿಶ್ಶಬ್ದವಾದ ಇರುಳಿಗೂ ಒಂದೇ ಅಳತೆಗೋಲು ಹೊಂದುವುದಿಲ್ಲ. ತುದಿಗೆ ಬೆಲೆ ಬರುವುದು ಅದರ ಹಿಂದಿನ ದಾಖಲೆಯಿಂದ.

ತುದಿ ಇನ್ನೂ ಬೆಳೆಯುತ್ತಿರುವಾಗಲೇ ತೀರ್ಮಾನಕ್ಕೆ ಬಂದರೆ ಏನಾಗುತ್ತದೆ ಎಂಬುದನ್ನು 2004ರ ಡಿಸೆಂಬರ್ 26 ತೋರಿಸಿತು. ಭಾರತೀಯ ಕಾಲಮಾನ ಬೆಳಿಗ್ಗೆ 6 ಗಂಟೆ 29 ನಿಮಿಷಕ್ಕೆ ಸುಮಾತ್ರಾ ಬಳಿ ಸಮುದ್ರದಡಿಯ ಶಿಲೆ ಬಿರಿಯಿತು. ಗೌರಿಬಿದನೂರಿನಿಂದ ಅಲ್ಲಿಗೆ ಸುಮಾರು 2,300 ಕಿ.ಮೀ.; ಪ್ರಾಥಮಿಕ ತರಂಗ ಈ ದೂರವನ್ನು ಐದು ನಿಮಿಷದೊಳಗೆ ದಾಟುತ್ತದೆ. ಆದರೆ 1,200 ಕಿ.ಮೀ.ಗೂ ಉದ್ದವಾದ ಆ ಬಿರುಕು ಪೂರ್ತಿ ತೆರೆದುಕೊಳ್ಳಲು ಎಂಟು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಹವಾಯಿಯ ಪೆಸಿಫಿಕ್ ಸುನಾಮಿ ಎಚ್ಚರಿಕೆ ಕೇಂದ್ರ ಹದಿನೈದು ನಿಮಿಷಗಳಲ್ಲಿ ನೀಡಿದ ಮೊದಲ ಪ್ರಕಟಣೆಯಲ್ಲಿ ಕಂಪನದ ಪ್ರಮಾಣ 8.0 ಎಂದಿತ್ತು, ಗಂಟೆಯ ಬಳಿಕ ಅದು 8.5 ಆಯಿತು. ಈಗ ಒಪ್ಪಿರುವ ಮೌಲ್ಯ 9.1. ಪ್ರಮಾಣ ಒಂದರಷ್ಟು ಹೆಚ್ಚಿದರೆ ಶಕ್ತಿ ಸುಮಾರು 32 ಪಟ್ಟು ಹೆಚ್ಚು ಎಂಬುದನ್ನು ನೆನೆದರೆ ಈ ಅಂತರ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಸುನಾಮಿ ಚೆನ್ನೈ ತೀರ ಮುಟ್ಟಿದ್ದು ಸುಮಾರು 9 ಗಂಟೆಗೆ. ತರಂಗದ ಸುದ್ದಿಗೂ ನೀರಿನ ಅಲೆಗೂ ನಡುವೆ ಎರಡು ಗಂಟೆಗೂ ಮಿಕ್ಕ ಸಮಯವಿತ್ತು. ಆ ಸುದ್ದಿಯನ್ನು ಹಿಂದೂ ಮಹಾಸಾಗರದ ದಡದ ಜನರಿಗೆ ಮುಟ್ಟಿಸುವ ಎಚ್ಚರಿಕೆ ವ್ಯವಸ್ಥೆ ಆಗ ಇರಲಿಲ್ಲ. ಭಾರತದಲ್ಲಿಯೇ ಹತ್ತು ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಹೈದರಾಬಾದಿನಲ್ಲಿ ಭಾರತದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಆರಂಭವಾದದ್ದು 2007ರಲ್ಲಿ.

ಶಾಲಾ ಕಾಲೇಜುಗಳ ಪ್ರಯೋಗಾಲಯದಲ್ಲಿ ಈ ಪಾಠವನ್ನು ಮಾಡಿ ತೋರಿಸುವುದು ಕಷ್ಟವಲ್ಲ. ಉಷ್ಣತಾ ಸಂವೇದಕದ ಅಳತೆಗಳು ಒಂದು ಕಡತಕ್ಕೆ ಸೇರುತ್ತಿರಲಿ. ವಿದ್ಯಾರ್ಥಿಗಳು ‘ಟೇಲ್ -ಎಫ್’ ಹಾಕಿ ನೋಡುತ್ತ, ಯಾವ ಸಾಲಿನಲ್ಲಿ ಬದಲಾವಣೆ ಆರಂಭವಾಯಿತೆಂದು ಗುರುತಿಸಲಿ. ನಂತರ ಇಡೀ ಕಡತದ ನಕ್ಷೆ ಬರೆದು ತಮ್ಮ ಊಹೆಯನ್ನು ಪರೀಕ್ಷಿಸಲಿ. ಕೊನೆಯ ಸಾಲು ಎಚ್ಚರಿಕೆ ಕೊಡುತ್ತದೆ. ಆ ಎಚ್ಚರಿಕೆಯನ್ನು ಎಷ್ಟು ನಂಬಬೇಕೆಂದು ಹೇಳುವುದು ಅದರ ಹಿಂದಿರುವ ಉಳಿದೆಲ್ಲ ಸಾಲುಗಳು.