ಅಮೀನಿದೀವಿ: ಅಕ್ಕಿಯ ಮೂಲಕ ನಡೆದ ಆಳ್ವಿಕೆ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈಸ್ಟ್ ಇಂಡಿಯಾ ಕಂಪನಿಯ ಪಾಲಿಗೆ ಕೆನರಾ ಬಂತೆಂಬುದು ನಮಗೆಲ್ಲ ಗೊತ್ತು. ಅದರ ಬೆನ್ನಿಗೇ ಅರಬ್ಬಿ ಸಮುದ್ರದ ನಡುವೆ ಇರುವ ಐದು ಪುಟ್ಟ ದ್ವೀಪಗಳೂ ಬಂದವು ಎಂಬುದು ಅಷ್ಟಾಗಿ ಗೊತ್ತಿಲ್ಲ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲಾತ್ ಮತ್ತು ಬಿತ್ರ ಎಂಬ ಈ ಐದನ್ನು ಒಟ್ಟಾಗಿ ಅಮೀನಿದೀವಿಗಳು ಎನ್ನುತ್ತಿದ್ದರು. ಐದೂ ಸೇರಿದರೂ ಹತ್ತು ಚದರ ಕಿಲೋಮೀಟರು ನೆಲವಿಲ್ಲ. ಬಿತ್ರದಲ್ಲಂತೂ ಬಹುಕಾಲ ಖಾಯಂ ವಸತಿಯೇ ಇರಲಿಲ್ಲ. ಆದರೂ 1956ರವರೆಗೆ, ಅಂದರೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ, ಇವು ಮಂಗಳೂರಿನ ಕಲೆಕ್ಟರ ಕೈಕೆಳಗೆ ಇದ್ದವು. ಇಷ್ಟು ಚಿಕ್ಕ, ಇಷ್ಟು ದೂರದ, ಸೈನ್ಯ ಇಡಲು ಕಾರಣವೇ ಇಲ್ಲದ ಜಾಗವನ್ನು ಸಾಮ್ರಾಜ್ಯವೊಂದು ಹೇಗೆ ಹಿಡಿದಿಟ್ಟುಕೊಂಡಿತು? ಇಲ್ಲಿ ಆಳಿದ್ದು ಬಂದೂಕಲ್ಲ, ಕಾನೂನಿನ ಪುಸ್ತಕವೂ ಅಲ್ಲ. ತೆಂಗಿನ ನಾರಿಗೂ ಅಕ್ಕಿಗೂ ನಡುವೆ ಸರ್ಕಾರ ಗೊತ್ತುಮಾಡಿದ ವಿನಿಮಯದ ದರ. ಹಿಂದಿನ ದೊರೆಗಳಿಂದ ಬಂದ ಆ ದರದ ಅಧಿಕಾರವನ್ನು ಕಂಪನಿ ಎಂದೂ ಕೈಬಿಡಲಿಲ್ಲ ಎಂಬುದೇ ಈ ದ್ವೀಪಗಳ ವಸಾಹತು ಇತಿಹಾಸದ ತಿರುಳು.

ಇದು ಅರ್ಥವಾಗಬೇಕಾದರೆ ಮೊದಲು ನೆಲ ನೋಡಬೇಕು. ಹವಳದ ದಿಬ್ಬದ ಮೇಲೆ ಕೂತ ಈ ದ್ವೀಪಗಳಲ್ಲಿ ಮಣ್ಣೆಂದರೆ ಸುಣ್ಣ ಬೆರೆತ ಮರಳು. ಅಲ್ಲಿ ತೆಂಗು ಹುಲುಸಾಗಿ ಬೆಳೆಯುತ್ತದೆ, ಭತ್ತ ಬೆಳೆಯುವುದಿಲ್ಲ. ಮೀನಿಗೆ ಕೊರತೆಯಿಲ್ಲ, ಆದರೆ ಊಟದ ಅಕ್ಕಿ ಕರಾವಳಿಯಿಂದಲೇ ಬರಬೇಕು. ಮಳೆಗಾಲದಲ್ಲಿ ಸಮುದ್ರ ಮುಚ್ಚಿಕೊಳ್ಳುತ್ತದೆ. ಓಡಗಳನ್ನು ದಡಕ್ಕೆ ಎಳೆದಿಟ್ಟ ಮೇಲೆ ತಿಂಗಳುಗಟ್ಟಲೆ ಯಾವ ಸಂಪರ್ಕವೂ ಇರುವುದಿಲ್ಲ. ಹಾಗಾಗಿ ಮಳೆ ಹಿಡಿಯುವ ಮುನ್ನ ಮನೆಯಲ್ಲಿ ಎಷ್ಟು ಅಕ್ಕಿ ಇದೆ ಎಂಬುದರ ಮೇಲೆ ಇಡೀ ವರ್ಷದ ಬದುಕು ನಿಂತಿತ್ತು. ಆ ಅಕ್ಕಿಗೆ ಬದಲಾಗಿ ಕೊಡಲು ಅವರ ಬಳಿ ಇದ್ದದ್ದು ಮುಖ್ಯವಾಗಿ ನಾರು. ಉಪ್ಪುನೀರಿಗೆ ಬೇಗ ಕೊಳೆಯದ, ನೀರಿನ ಮೇಲೆ ತೇಲುವ ಕತ್ತದ ಹಗ್ಗಕ್ಕೆ ಹಾಯಿಹಡಗುಗಳ ಕಾಲದಲ್ಲಿ ಎಲ್ಲ ಬಂದರುಗಳಲ್ಲೂ ಬೇಡಿಕೆ ಇತ್ತು. ಒಂದೇ ಸರಕು ಮಾರಿ ಒಂದೇ ಧಾನ್ಯ ಕೊಳ್ಳುವ ಸಮಾಜವಿದು. ಇಂಥ ಕಡೆ ಆ ಎರಡರ ಬೆಲೆಯನ್ನೂ ಒಬ್ಬನೇ ನಿರ್ಧರಿಸಿದರೆ ಅವನಿಗೆ ಬೇರೆ ತೆರಿಗೆಯ ಅಗತ್ಯವೇ ಬೀಳುವುದಿಲ್ಲ.

ಈ ಮರ್ಮವನ್ನು ಮೊದಲು ಕಂಡುಕೊಂಡವರು ಇಂಗ್ಲಿಷರಲ್ಲ. ಕಣ್ಣೂರಿನ ಅರಕ್ಕಲ್ ಮನೆತನ ಲಕ್ಷದ್ವೀಪ ಸಮೂಹವನ್ನೆಲ್ಲ ಆಳುತ್ತಿದ್ದಾಗಲೇ ನಾರಿನ ವ್ಯಾಪಾರವನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡಿತ್ತು. ಕವಡೆ, ಆಮೆಚಿಪ್ಪು, ಅಂಬರ್‌ಗಳ ಮೇಲೂ ಅದರ ಹಿಡಿತವಿತ್ತು. ದ್ವೀಪದವರು ಇದನ್ನು ತಲೆಬಾಗಿ ಒಪ್ಪಿಕೊಂಡು ಕೂರಲಿಲ್ಲ. ಅರಕ್ಕಲ್‌ನ ಕಾರ್ಯಕರ್ತರ ಕಾಟ ತಾಳಲಾರದೆ 1783ರಲ್ಲಿ ಅಮೀನಿಯ ಕೆಲವರು ಸಮುದ್ರ ದಾಟಿ ಮಂಗಳೂರಿಗೆ ಬಂದು, ತಮ್ಮ ದ್ವೀಪಗಳನ್ನು ವಹಿಸಿಕೊಳ್ಳಬೇಕೆಂದು ಟಿಪ್ಪು ಸುಲ್ತಾನನಲ್ಲಿ ಮೊರೆಯಿಟ್ಟರು. ಟಿಪ್ಪುವಿಗೂ ಆ ಮನೆತನದ ಒಡತಿಯಾದ ಅರಕ್ಕಲ್ ಬೀಬಿಗೂ ಸ್ನೇಹವಿತ್ತು. ಮಾತುಕತೆ ನಡೆದು 1787ರ ಹೊತ್ತಿಗೆ ಐದು ದ್ವೀಪಗಳು ಮೈಸೂರಿನ ಆಳ್ವಿಕೆಗೆ ಬಂದವು. ಬೀಬಿಗೆ ಪ್ರತಿಯಾಗಿ ಮಲಬಾರಿನಲ್ಲಿ ಚಿರಕ್ಕಲ್ ಸೀಮೆಯ ಭೂಮಿ ಸಿಕ್ಕಿತು. ಈ ಘಟನೆಯನ್ನು ಟಿಪ್ಪುವಿನ ವಿಸ್ತರಣೆಯ ಅಡಿಟಿಪ್ಪಣಿಯಾಗಿ ಓದುವುದು ವಾಡಿಕೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ಓಡದಲ್ಲಿ ಬಂದವರ ರಾಜಕೀಯ ವಿವೇಕ. ತಮ್ಮನ್ನು ಹಿಂಡುವ ಒಡೆಯನಿಗಿಂತ ಬಲವಾದವನು ಯಾರು, ಅವನು ಈಗ ಎಲ್ಲಿದ್ದಾನೆ ಎಂಬ ಲೆಕ್ಕ ಅವರಿಗೆ ಗೊತ್ತಿತ್ತು. ದ್ವೀಪವಾಸಿಗಳೆಂದರೆ ಹೊರಜಗತ್ತು ಅರಿಯದ ಮುಗ್ಧರು ಎಂದು ಆಮೇಲಿನ ಅಧಿಕಾರಿಗಳು ಮತ್ತೆ ಮತ್ತೆ ಬರೆದದ್ದು ಈ ಒಂದೇ ಸಂಗತಿಯ ಎದುರು ನಿಲ್ಲುವುದಿಲ್ಲ.

ಹನ್ನೆರಡೇ ವರ್ಷಗಳಲ್ಲಿ ಟಿಪ್ಪು ಇಲ್ಲವಾದ. ಕಂಪನಿ ಕೆನರಾವನ್ನು ತೆಗೆದುಕೊಂಡಾಗ ಅಮೀನಿದೀವಿಗಳೂ ಅದರ ಜೊತೆಗೇ ಹೋದವು. ದ್ವೀಪದವರನ್ನು ಯಾರೂ ಕೇಳಲಿಲ್ಲ. ಕೇಳಿದವಳು ಬೀಬಿ ಮಾತ್ರ: ತನಗೆ ಸೇರಬೇಕಾದ ದ್ವೀಪಗಳು ಹೋದವೆಂಬ ಆಕೆಯ ಹಕ್ಕುಸಾಧನೆಗೆ ಕಂಪನಿ ಕೊನೆಗೆ ಕೊಟ್ಟ ಉತ್ತರವೆಂದರೆ, ಆಕೆ ವರ್ಷಕ್ಕೆ ಸಲ್ಲಿಸಬೇಕಿದ್ದ 15,000 ರೂಪಾಯಿ ಕಪ್ಪದಲ್ಲಿ 5,250 ರೂಪಾಯಿ ಕಡಿತ. ಐದು ದ್ವೀಪಗಳ ಜನ, ಮರ, ದುಡಿಮೆ ಎಲ್ಲವೂ ಕಂಪನಿಯ ಲೆಕ್ಕದಲ್ಲಿ ಒಂದು ರಿಯಾಯಿತಿಯ ಮೊತ್ತವಾಗಿ ಕುಳಿತವು. ನಾರಿನ ಏಕಸ್ವಾಮ್ಯವನ್ನು ಕಂಪನಿ ತೆಗೆಯಲಿಲ್ಲ, ಮಂಗಳೂರಿಗೆ ಹೊಂದಿಸಿಕೊಂಡಿತು. ದ್ವೀಪದಲ್ಲಿ ಹೊಸೆದ ನಾರು ಸರ್ಕಾರಕ್ಕೇ ಬರಬೇಕು. ಅದಕ್ಕೆ ಸರ್ಕಾರ ನಿಗದಿ ಮಾಡಿದ ಬೆಲೆ. ಆ ಬೆಲೆಯ ಬಹುಪಾಲು ನಾಣ್ಯದಲ್ಲಲ್ಲ, ಅಕ್ಕಿಯಲ್ಲಿ. ಆ ಅಕ್ಕಿಯ ದರವೂ ಸರ್ಕಾರದ್ದೇ. ದ್ವೀಪದಲ್ಲಿ ಸರ್ಕಾರದ ಪರವಾಗಿ ಒಬ್ಬ ಮಣೆಗಾರ ಇದ್ದರೆ ಸಾಕಾಗುತ್ತಿತ್ತು. 1621ರಲ್ಲಿ ಜಾಯಿಕಾಯಿಗಾಗಿ ಡಚ್ಚರು ಬಂಡಾ ದ್ವೀಪಗಳ ಜನರನ್ನು ಕೊಂದು, ಓಡಿಸಿ, ಗುಲಾಮರಿಂದ ತೋಟ ಮಾಡಿಸಿದರು. ಅಮೀನಿಯಲ್ಲಿ ಅಂಥ ರಕ್ತಪಾತ ಆಗಲಿಲ್ಲ ಎಂಬುದು ನಿಜ. ಅದರಿಂದ ಇಲ್ಲಿನ ಆಳ್ವಿಕೆ ಮೃದುವಾಗಿತ್ತು ಎಂಬ ತೀರ್ಮಾನ ಮಾತ್ರ ಸಲ್ಲದು. ಊಟದ ತಕ್ಕಡಿಯ ಎರಡು ತಟ್ಟೆಗಳೂ ಒಂದೇ ಕೈಯಲ್ಲಿದ್ದಾಗ ಹಿಂಸೆಯ ಅಗತ್ಯ ಬೀಳುವುದೇ ಅಪರೂಪ.

ಈ ತಕ್ಕಡಿಯ ಭಾರ ಯಾರ ಮೇಲೆ ಬಿತ್ತು ಎಂಬುದನ್ನು ಕಂದಾಯದ ಲೆಕ್ಕ ಹೇಳುವುದಿಲ್ಲ. ನಾರು ತಾನಾಗಿ ಬರುವುದಿಲ್ಲ. ತೆಂಗಿನ ಸಿಪ್ಪೆಯನ್ನು ಲಗೂನಿನ ಅಂಚಿನಲ್ಲಿ ಮರಳಿನ ಗುಂಡಿಯಲ್ಲಿ ತಿಂಗಳುಗಟ್ಟಲೆ ನೆನೆಹಾಕಬೇಕು, ತೆಗೆದು ಕೋಲಿನಿಂದ ಬಡಿಯಬೇಕು, ತೊಳೆದು ಒಣಗಿಸಬೇಕು, ಅಂಗೈಯಲ್ಲಿ ಹುರಿ ಹೊಸೆಯಬೇಕು. ಈ ದುಡಿಮೆಯಲ್ಲಿ ಹೆಚ್ಚಿನದು ಹೆಂಗಸರದು. ದ್ವೀಪದ ಮುಸ್ಲಿಮರಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಪದ್ಧತಿ ಇತ್ತು, ಈಗಲೂ ಬಹುಮಟ್ಟಿಗೆ ಇದೆ. ತುಳುನಾಡಿನ ಅಳಿಯಕಟ್ಟನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಮನೆತನ ಹೆಣ್ಣಿನ ಹೆಸರಿನಲ್ಲಿ ನಡೆಯುತ್ತಿದ್ದರೂ ಆಕೆಯ ಕೈಯ ನಾರಿನ ಬೆಲೆ ಆಕೆ ಎಂದೂ ಕಾಣದ ಕಚೇರಿಯಲ್ಲಿ ತೀರ್ಮಾನವಾಗುತ್ತಿತ್ತು. ಇನ್ನು ಮರ ಹತ್ತಿ ಕಾಯಿ ಕೀಳುವ, ನೀರಾ ಇಳಿಸುವ ಮೇಲಾಚೇರಿಗಳು ಸಮಾಜದ ಕೆಳಗಿನ ಮೆಟ್ಟಿಲಲ್ಲಿದ್ದರು; ಮರ ಮತ್ತು ಓಡಗಳ ಒಡೆತನ ಹೆಚ್ಚಾಗಿ ಕೋಯಾ ಮನೆತನಗಳದ್ದು. ಅಕ್ಕಿ ದ್ವೀಪಕ್ಕೆ ಬರುತ್ತಿದ್ದದ್ದು ಆ ಓಡಗಳಲ್ಲಿ. ಹೀಗಾಗಿ ಸರ್ಕಾರದ ದರ ದ್ವೀಪದ ಒಳಗಿನ ಮೇಲುಕೀಳನ್ನು ಮುಟ್ಟದೆ ಬಿಟ್ಟಿತು, ಬಹುಶಃ ಗಟ್ಟಿಯನ್ನೂ ಮಾಡಿತು.

ಏಕಸ್ವಾಮ್ಯವನ್ನು ಸಮರ್ಥಿಸುವವರ ವಾದ ಹುರುಳಿಲ್ಲದ್ದಲ್ಲ, ಅದನ್ನು ಕೇಳಿಸಿಕೊಳ್ಳಲೇಬೇಕು. ದರ ಸ್ಥಿರವಾಗಿದ್ದರೆ ಪೇಟೆಯಲ್ಲಿ ನಾರಿನ ಬೆಲೆ ಕುಸಿದ ವರ್ಷವೂ ದ್ವೀಪಕ್ಕೆ ಅಕ್ಕಿ ತಪ್ಪುವುದಿಲ್ಲ. ಅಕ್ಕಿ ತುಟ್ಟಿಯಾದ ವರ್ಷ ನಷ್ಟ ಖಜಾನೆಯದು. ಓದುಬರಹ ಬಾರದ ನಾವಿಕರನ್ನು ಬಂದರಿನ ವರ್ತಕರು ಸಾಲದ ಬಲೆಗೆ ಕೆಡವದಂತೆ ಸರ್ಕಾರ ಅಡ್ಡ ನಿಂತಂತಾಯಿತು. ಇದರಲ್ಲಿ ಸತ್ಯವಿದೆ. ಮಳೆಗಾಲದ ನಾಲ್ಕು ತಿಂಗಳು ಲೋಕದಿಂದ ಕಡಿದುಹೋಗುವ ಜನಕ್ಕೆ ಖಚಿತವಾದ ಅಕ್ಕಿ ಸಣ್ಣ ಮಾತಲ್ಲ, ಪೇಟೆಯ ವರ್ತಕ ಕರುಣಾಮಯಿಯೂ ಅಲ್ಲ. ಆದರೆ ರಕ್ಷಣೆಯೇ ಉದ್ದೇಶವಾಗಿದ್ದರೆ ಅಕ್ಕಿಗೆ ಒಂದು ಮಿತಿಬೆಲೆ ಇಟ್ಟು, ನಾರನ್ನು ಬೇಕಾದಲ್ಲಿ ಮಾರಲು ಬಿಡಬಹುದಿತ್ತು. ಹಾಗೆ ಮಾಡಲಿಲ್ಲ, ಏಕೆಂದರೆ ನಾರಿನ ಮೇಲಿನ ಲಾಭವೇ ದ್ವೀಪಗಳ ಕಂದಾಯ. ಪೇಟೆ ಏರಿದಾಗ ಹೆಚ್ಚುವರಿ ಹಣ ಯಾರಿಗೆ ಹೋಗುತ್ತಿತ್ತೆಂದು ನೋಡಿದರೆ ಈ ವ್ಯವಸ್ಥೆಯ ಮೂಲೋದ್ದೇಶ ತಿಳಿಯುತ್ತದೆ. ಇನ್ನೊಂದು ವಾದ, ಇದೆಲ್ಲ ಅರಕ್ಕಲ್ ಕಾಲದ ಹಳೆಯ ಪದ್ಧತಿ, ಇಂಗ್ಲಿಷರು ಇದ್ದದ್ದನ್ನು ಮುಂದುವರಿಸಿದರಷ್ಟೆ ಎಂಬುದು. ಆಡಳಿತ ಬರೀ ಪರಂಪರೆಯನ್ನು ಗೌರವಿಸಿ ಹಾಗೆ ಮಾಡಿತು ಎಂದರೆ ನಂಬುವುದು ಕಷ್ಟ. ಲಾಭದ ಪರಂಪರೆಯನ್ನು ಉಳಿಸಿಕೊಂಡಿತು ಎಂದರೆ ಸರಿ.

ಬೀಬಿಯ ಕೈಯಲ್ಲೇ ಉಳಿದ ದಕ್ಷಿಣದ ದ್ವೀಪಗಳ ಕಥೆ ಇದನ್ನು ಇನ್ನೊಂದು ದಿಕ್ಕಿನಿಂದ ತೋರಿಸುತ್ತದೆ. 1847ರ ಚಂಡಮಾರುತದಲ್ಲಿ ಆಂಡ್ರೋತ್ ಮತ್ತು ಕಲ್ಪೇನಿ ದ್ವೀಪಗಳು ನಾಶವಾದವು. ಜನ ಸತ್ತರು, ತೋಟಗಳು ನೆಲಕ್ಕೊರಗಿದವು. ಕಂಪನಿಯ ಅಧಿಕಾರಿ ವಿಲಿಯಂ ರಾಬಿನ್ಸನ್ ಹೋಗಿ ನೋಡಿ ವರದಿ ಬರೆದ. ನೆಟ್ಟ ತೆಂಗು ಫಲ ಕೊಡಲು ಆರೇಳು ವರ್ಷ ಬೇಕು. ಪರಿಹಾರಕ್ಕೆ ಕಂಪನಿ ಕೊಟ್ಟದ್ದು ಬಡ್ಡಿಯ ಸಾಲ. ಅರಕ್ಕಲ್ ಮನೆತನಕ್ಕೆ ಅದನ್ನು ತೀರಿಸಲಾಗಲಿಲ್ಲ, ಕಪ್ಪದ ಬಾಕಿಯೂ ಬೆಳೆಯಿತು. 1854ರಲ್ಲಿ ದ್ವೀಪಗಳು ಜಪ್ತಿಯಾದವು. ಕೆಲ ವರ್ಷಗಳ ನಂತರ ಮರಳಿ ಕೊಟ್ಟರೂ 1875ರಲ್ಲಿ ಮತ್ತೆ ಹಿಡಿದುಕೊಂಡರು. 20ನೇ ಶತಮಾನದ ಮೊದಲ ದಶಕದಲ್ಲಿ ಅರಕ್ಕಲ್ ತನ್ನ ಹಕ್ಕುಗಳನ್ನೆಲ್ಲ ವರ್ಷಾಶನಕ್ಕೆ ಬಿಟ್ಟುಕೊಟ್ಟಿತು. ಯುದ್ಧವೇ ಇಲ್ಲದೆ, ಬರೀ ಬಾಕಿಯ ಲೆಕ್ಕದಿಂದ ಒಂದು ದ್ವೀಪಸಮೂಹ ಕೈಬದಲಾಯಿತು. ಉತ್ತರದ ಐದು ದ್ವೀಪಗಳಲ್ಲಿ ಅಕ್ಕಿ, ದಕ್ಷಿಣದಲ್ಲಿ ಸಾಲ: ಎರಡೂ ಕಡೆ ಅಧಿಕಾರದ ದಾರಿ ವ್ಯಾಪಾರಿಯ ಖಾತೆಯ ಮೂಲಕವೇ ಹಾದುಹೋಗಿದೆ.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆದಾಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಸೇರಿತು. ಕಾಸರಗೋಡು ತಾಲ್ಲೂಕು ಮತ್ತು ಅಮೀನಿದೀವಿಗಳು ಹೊರಗುಳಿದವು. ಕಾಸರಗೋಡಿನ ಬಗ್ಗೆ ನಾವು ದಶಕಗಳ ಕಾಲ ಮಾತಾಡಿದ್ದೇವೆ, ಹೋರಾಡಿದ್ದೇವೆ. ಅದೇ ಕಾಯಿದೆಯ ಅದೇ ಸಾಲಿನಲ್ಲಿದ್ದ ದ್ವೀಪಗಳ ಬಗ್ಗೆ ಒಂದು ಮಾತೂ ಹುಟ್ಟಲಿಲ್ಲ. ಅಲ್ಲಿನ ಭಾಷೆ ಮಲಯಾಳಂ, ಆ ದ್ವೀಪಗಳು ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದ್ದು ಅಲ್ಲಿನ ಜನರಿಗೆ ಸರಿಯಾದದ್ದೇ. ಅದರ ಬಗ್ಗೆ ತಕರಾರಿಲ್ಲ. ತಕರಾರಿರುವುದು ನಮ್ಮ ಇತಿಹಾಸ ಬರವಣಿಗೆಯ ಬಗ್ಗೆ. ಮಂಗಳೂರಿನ ಬಂದರಿನ ಚರಿತ್ರೆಯಲ್ಲಿ ಕಾಳುಮೆಣಸು, ಕಾಫಿ, ಹೆಂಚುಗಳಿಗೆ ಜಾಗವಿದೆ; ಓಡಗಳಲ್ಲಿ ಬಂದ ನಾರಿಗೂ, ಅದಕ್ಕೆ ಬದಲಾಗಿ ಹೋದ ನಮ್ಮ ಜಿಲ್ಲೆಯ ಅಕ್ಕಿಗೂ ಇಲ್ಲ. ಆ ಅಕ್ಕಿ ಬೆಳೆದವರು ಇಲ್ಲಿನ ಗದ್ದೆಗಳ ಒಕ್ಕಲುಗಳು, ಅದನ್ನು ಅಳೆದುಕೊಟ್ಟ ಕಚೇರಿ ಇದೇ ಊರಿನದು. ದಕ್ಷಿಣ ಕನ್ನಡದ ಕಲೆಕ್ಟರುಗಳ ಕಂದಾಯ ದಾಖಲೆಗಳು ಚೆನ್ನೈನ ಪತ್ರಾಗಾರದಲ್ಲಿವೆ. ಕರಾವಳಿಯ ಇತಿಹಾಸ ಬರೆಯಹೊರಟ ನಮ್ಮ ಸಂಶೋಧಕರು ಅವುಗಳಲ್ಲಿ ಅಮೀನಿದೀವಿಯ ಪುಟಗಳನ್ನೂ ತೆರೆಯಬೇಕು, ಆ ದ್ವೀಪಗಳ ವಿದ್ವಾಂಸರ ಜೊತೆ ಕೂತು ಓದಬೇಕು.